ಮೇಡಂ ಆರಿಸಿದ ಸಾಫ್ಟ್‌ವೇರ್

ನನ್ನ ಹೆಂಡತಿಗೆ ನಮ್ಮ ಓಣಿಯವರು ಇಟ್ಟ ಹೆಸರು ಮೇಡಂ. ಮೊದಲು ಅದು ಗೇಲಿಯಾಗಿತ್ತು. ಶಿಶುವಿಹಾರದಲ್ಲಿ ಆಯಾ ಆಗಿ ಮಕ್ಕಳ ಮೂಗು ಒರೆಸಿ ಚಡ್ಡಿ ಬದಲಿಸುತ್ತಿದ್ದವಳು ಕೂದಲು ನರೆಯುವ ಹೊತ್ತಿಗೆ ಟೀಚರ್ ಆಗುವ ಕೋರ್ಸಿಗೆ ಸೇರಿದಳು. ಪಾಸಾದರೆ ಅಲ್ಲಿನ ಸಣ್ಣ ತರಗತಿ ಅವಳದು. ಇಲ್ಲದಿದ್ದರೆ ಮತ್ತೆ ಚಡ್ಡಿಯೇ ಗತಿ.

ಕೋರ್ಸಿನವರು ಎಲ್ಲರಿಗೂ ಒಂದೊಂದು ಹಳೆಯ ನೆಟ್‌ಬುಕ್ ಎರವಲು ಕೊಟ್ಟರು. ಎರಡು ಅಂಗೈ ಜೋಡಿಸಿದಷ್ಟು ಅಗಲ, ಒಳಗೆ ವಿಂಡೋಸ್ ಬದಲು ಲಿನಕ್ಸ್. ಬೇಕಾದ ಸಾಫ್ಟ್‌ವೇರ್ ನಾವೇ ಆರಿಸಿ ಹಾಕಿಕೊಳ್ಳಬಹುದು, ದುಡ್ಡಿಲ್ಲ ಎಂದು ಅವಳು ಹೇಳಿದ್ದೇ ತಡ, ಮನೆಯವರೆಲ್ಲ ಮುಗಿಬಿದ್ದೆವು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುವ ಜಾತಿ ನಮ್ಮದು. ನನ್ನ ತಾಯಿಗೆ ಇಸ್ಪೀಟು ಬೇಕಾಯಿತು, ಮಗಳಿಗೆ ಹಾಡು ಕತ್ತರಿಸಿ ಜೋಡಿಸುವುದು. ನಾನು ಪ್ಲಂಬರ್, ಪೈಪಿನ ನಕ್ಷೆ ಬಿಡಿಸುವುದನ್ನು ಹಾಕಿಸಿಕೊಂಡೆ. ಅಷ್ಟಕ್ಕೆ ಸುಮ್ಮನಾಗಲಿಲ್ಲ. ನಮ್ಮ ಕಸುಬಿನಲ್ಲಿ ಪೈಪು ಜೋಡಿಸುವ ಎಲ್ಬೋ, ಟೀ, ಕಪ್ಲಿಂಗ್ ಎಲ್ಲ ಅಳತೆಯವೂ ಚೀಲದಲ್ಲಿರಬೇಕು, ಇಲ್ಲವಾದರೆ ನೀರು ಚಿಮ್ಮುವಾಗ ಅಂಗಡಿಗೆ ಓಡಬೇಕಾಗುತ್ತದೆ. ಹಾಗಾಗಿ ಕಂಡದ್ದನ್ನೆಲ್ಲ ಹಾಕು, ಯಾವುದು ಯಾವಾಗ ಬೇಕಾಗುತ್ತೋ ಎಂದು ಅವಳಿಗೆ ಅಪ್ಪಣೆ ಕೊಟ್ಟೆ. ಬರೆಯುವುದಕ್ಕೇ ಮೂರು ಸಾಫ್ಟ್‌ವೇರ್ ಆದವು.

ಪರೀಕ್ಷೆಯಲ್ಲಿ ಮಕ್ಕಳ ಮುಂದೆ ಪಾಠ ಮಾಡಿ ತೋರಿಸಬೇಕಿತ್ತು. ಅವಳ ಪಾಠ ಕೈ ತೊಳೆಯುವುದು: ಚಿತ್ರಗಳು, ಜೊತೆಗೆ ಅವಳದೇ ದನಿ. ಎರಡು ದಿನ ಮುಂಚೆ ದನಿ ತುಂಬಿಸುತ್ತಿದ್ದಾಗ ನೆಟ್‌ಬುಕ್ ಜಾಗವಿಲ್ಲ ಎಂದು ನಿಂತಿತು. ನನಗೆ ಪಿತ್ತ ನೆತ್ತಿಗೇರಿತು. ಯಂತ್ರವನ್ನು ಬೈದೆ, ಕೋರ್ಸನ್ನು ಬೈದೆ, ಇಸ್ಪೀಟಾಡಿದ ತಾಯಿಯನ್ನೂ ಬಿಡಲಿಲ್ಲ.

"ಬೈಗುಳ ಮುಗೀತಾ?" ಅಂದಳು. "ಮೊದಲು ನಿಮ್ಮ ಪೈಪನ್ನೇ ಕೀಳ್ತೀನಿ."

"ಒಂದು ಇಡೀ ಮನೆ ನಕ್ಷೆ ಇದೆ ಕಣೇ ಅದರಲ್ಲಿ."

"ನಕ್ಷೆ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ ರೀ. ಸಾಫ್ಟ್‌ವೇರ್ ಮಾತ್ರ ಇಲ್ಲಿರಲ್ಲ."

ಆಮೇಲೆ ಅಡುಗೆಮನೆಯಲ್ಲಿ ನಮ್ಮನ್ನೆಲ್ಲ ಮಕ್ಕಳ ಹಾಗೆ ನೆಲದ ಮೇಲೆ ಕೂರಿಸಿ ಪಾಠ ಶುರುಮಾಡಿದಳು. ಪಾಠಕ್ಕೆ ಬಳಕೆಯಾದ ಸಾಫ್ಟ್‌ವೇರ್ ಉಳಿಯಿತು, ಆಗದ್ದು ಹೋಯಿತು. ಸೋಪು ಕಣ್ಣಿಗೆ ಹೋದರೆ ಏನು ಮಾಡಬೇಕು ಟೀಚರ್ ಎಂದು ನನ್ನ ತಾಯಿ ಕೇಳಿದರು. ಇಸ್ಪೀಟು ಕಳೆದುಕೊಂಡ ಸೇಡು ಅದು. ಅತ್ತೆಯ ಕಣ್ಣಿಗೆ ನೀರು ಚಿಮುಕಿಸುವಂತೆ ನಟಿಸಿ ಸೊಸೆ ಪಾಠ ಮುಂದುವರಿಸಿದಳು. ನೆಟ್ ಇದ್ದರೆ ಮಾತ್ರ ನಡೆಯುವಂಥವನ್ನು ಕಿತ್ತಳು, ಪರೀಕ್ಷೆಯ ಕೋಣೆಯಲ್ಲಿ ನೆಟ್ ಇರುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ತಾನು ದಿನಾ ಹಾಡು ಕೇಳುತ್ತಿದ್ದುದೂ ಹೋಯಿತು.

ಕೊನೆಗೆ ಚಿತ್ರ ತೋರಿಸುವವು ಎರಡು ಉಳಿದವು. ಹಗುರವಾದದ್ದು ಥಟ್ಟನೆ ತೆರೆಯುತ್ತಿತ್ತು, ಆದರೆ ಅದರಲ್ಲಿ ಚಿತ್ರಕ್ಕೆ ದನಿ ಅಂಟಿಸಲು ಬರುತ್ತಿರಲಿಲ್ಲ. ದೊಡ್ಡದರಲ್ಲಿ ಎರಡೂ ಒಟ್ಟಿಗೆ ಸಾಗುತ್ತಿದ್ದವು, ಆದರೆ ತೆರೆಯಲು ಹೋದರೆ ಅದು ಏಳುವುದೇ ಕಷ್ಟ. ಅವಳು ಹಗುರವಾದದ್ದನ್ನೇ ಕಿತ್ತಾಗ ನಾನು ಮತ್ತೆ ಹಾರಾಡಿದೆ.

"ಆ ಕುಂಭಕರ್ಣ ಏಳೋ ಹೊತ್ತಿಗೆ ಪರೀಕ್ಷೆ ಮಾಡೋರೇ ಮಲಗಿಬಿಡ್ತಾರೆ."

"ಅವರು ಬರೋ ಮುಂಚೆನೇ ಎಬ್ಬಿಸಿ ಇಟ್ಟಿರ್ತೀನಿ ಬಿಡಿ."

ಹಾಗೇ ಮಾಡಿದಳು. ಪರೀಕ್ಷೆಯ ದಿನ ಕೋಣೆಯ ಹೊರಗಿನ ಮೊಗಸಾಲೆಯಲ್ಲೇ ಅದನ್ನು ತೆರೆದಳು. ಮುಚ್ಚಿದರೆ ಮತ್ತೆ ಮಲಗೀತೆಂದು ತುಂಬಿದ ಕೊಡ ಹಿಡಿದವಳಂತೆ ಒಳಗೆ ಒಯ್ದಳು. ಬಾಗಿಲ ಸಂದಿಯಲ್ಲಿ ನಾನು ನೋಡುತ್ತಿದ್ದೆ. ಒಂದು ಚಿತ್ರವೂ ತಡೆಯಲಿಲ್ಲ. ಪಾಠ ಮುಗಿದದ್ದೇ ಮಕ್ಕಳು ತಾವಾಗಿಯೇ ಎದ್ದು ನಲ್ಲಿಯ ಕಡೆ ಓಡಿದವು, ಪರೀಕ್ಷಕಿ ಅವುಗಳ ಹಿಂದೆ.

ಸ್ವಲ್ಪ ಹೊತ್ತಿಗೆ ಹೊರಗೆ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತಳು. ಸೋಮವಾರದಿಂದ ಸಣ್ಣ ತರಗತಿ ತನಗೇ ಅಂದಳು. ಅವಳಾಗಲೇ ಮಡಿಲಲ್ಲಿ ನೆಟ್‌ಬುಕ್ ಇಟ್ಟುಕೊಂಡು ಮುಂದಿನ ಪಾಠದ ಮೊದಲ ಚಿತ್ರ ಹುಡುಕುತ್ತಿದ್ದಳು.