ಹೇಳಿ ಕಳಿಸಬೇಕು ಎನ್ನುತ್ತಿದ್ದ ನಿರ್ಮಲಾಬಾಯಿ

ನಿರ್ಮಲಾಬಾಯಿಯವರು ಟಿ.ವಿ.ಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡುವಾಗ ಕೂರುತ್ತಿರಲಿಲ್ಲ. ಎಪ್ಪತ್ತರ ಹತ್ತಿರದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೋಫಾದ ಹಿಂದೆ ಎರಡು ಗಂಟೆಗೂ ಹೆಚ್ಚು ಹೊತ್ತು ನಿಂತೇ ಇರುತ್ತಿದ್ದರು. ಆಟಗಾರ ಚೆಂಡನ್ನು ಬುಟ್ಟಿಯ ಕಡೆಗೆ ಎಸೆದ ಕೂಡಲೇ ಅವರ ಬಲಗೈ ತಾನಾಗಿ ಮೇಲೆದ್ದು ಮಣಿಕಟ್ಟು ಮುಂದಕ್ಕೆ ಬಾಗುತ್ತಿತ್ತು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ "ಬಿತ್ತು" ಎಂದೋ "ಇಲ್ಲ" ಎಂದೋ ಹೇಳಿಬಿಡುವರು. ಆ ಮಾತು ತಪ್ಪಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ನಾನು ಕುಂದಾಪುರದ ಕಡೆಯವನು. ಹೈದರಾಬಾದಿನ ಹೊರಗಿನ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ಕಾಲೇಜಿನಲ್ಲಿ ಹತ್ತಿದ ಬ್ಯಾಸ್ಕೆಟ್‌ಬಾಲ್ ಹುಚ್ಚು ಆಡುವುದು ಬಿಟ್ಟಮೇಲೂ ಇಳಿದಿರಲಿಲ್ಲ. ಅಮೆರಿಕದ ಒಂದು ತಂಡವನ್ನು ನನ್ನದೇ ಮನೆಯೇನೋ ಎಂಬಂತೆ ಹಚ್ಚಿಕೊಂಡಿದ್ದೆ. ತಂಡದ ಹೆಸರು ಇಲ್ಲಿ ಬೇಡ, ಹಳೆಯ ಜಗಳಗಳು ಏಳುತ್ತವೆ. ಒಮ್ಮೆ ಆ ತಂಡದ ಟೋಪಿ ಹಾಕಿಕೊಂಡು ಸುಲ್ತಾನ್ ಬಜಾರಿನ ಆಟದ ಸಾಮಾನಿನ ಅಂಗಡಿಗೆ ಶೂ ಕೊಳ್ಳಲು ಹೋಗಿದ್ದೆ. ಫೋನಿನಲ್ಲಿ ನಾನು ಕನ್ನಡ ಮಾತಾಡುವುದನ್ನು ಕೇಳಿಸಿಕೊಂಡ ಅಂಗಡಿಯ ಇಮ್ರಾನ್, ಶೂ ತೋರಿಸುವುದು ಬಿಟ್ಟು, "ಈ ತಂಡ ಈ ವರ್ಷ ಏನ್ ಗೆಲ್ತದ್ರಿ? ಮುದುಕರನ್ನೇ ಇಟ್ಕೊಂಡು ಕೂತದ" ಎಂದ. ಅವನು ಕಲಬುರಗಿಯವನು. ಅರ್ಧ ಗಂಟೆ ನಿಂತೇ ವಾದ ಮಾಡಿದೆವು. ಕೊನೆಗೆ, "ಆಯ್ತಾರ ಮುಂಜಾನೆ ಮಲ್ಕಾಜ್‌ಗಿರಿಗೆ ಬರ್ರಿ. ಅಲ್ಲಿ ನಮ್ ಬಾಯಾರು ಇದ್ದಾರ. ಅವರೇ ಫೈಸಲಾ ಮಾಡ್ತಾರ" ಎಂದ.

ಬಾಯಾರು ಎಂದರೆ ನಿರ್ಮಲಾಬಾಯಿ. ಊರು ಕೊಪ್ಪಳ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ, ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಪ್ರಾಯದಲ್ಲಿ ನಗರದ ಒಂದು ಮಹಿಳಾ ಕ್ಲಬ್ಬಿನ ತಂಡಕ್ಕೆ ಆಡಿದವರು, ಮೂರು ವರ್ಷ ನಾಯಕಿಯಾಗಿದ್ದವರು. ಗೋಡೆಯ ಮೇಲೆ ಒಂದು ಫೋಟೊ ಕೂಡ ಇರಲಿಲ್ಲ. ಕೇಳಿದರೆ, "ಆಡಿದ್ದು ಕಾಲಿಗೆ ನೆನಪೈತಿ, ಗ್ವಾಡಿಗ್ಯಾಕ?" ಎನ್ನುತ್ತಿದ್ದರು.

ಅಮೆರಿಕದ ರಾತ್ರಿಯ ಪಂದ್ಯ ನಮಗೆ ಬೆಳಗಿನದು. ಭಾನುವಾರ ನಾನೂ ಇಮ್ರಾನನೂ ಅಲ್ಲಿ ಸೇರುವ ಹೊತ್ತಿಗೆ ಮಂಡಕ್ಕಿ ಸುಸಲಾ ಸಿದ್ಧವಿರುತ್ತಿತ್ತು. ಆಟಗಾರರ ಇಂಗ್ಲಿಷ್ ಹೆಸರುಗಳನ್ನು ಬಾಯಾರು ಒಂದು ದಿನವೂ ಬಳಸಲಿಲ್ಲ. ಒಬ್ಬ ಉದ್ದಗೈ, ಒಬ್ಬ ಸಿಡುಕ, ಇನ್ನೊಬ್ಬ ಹನ್ನೊಂದು ವರ್ಷದಿಂದ ತಂಡದಲ್ಲಿದ್ದ ಗಿಡ್ಡ. ಈ ಗಿಡ್ಡ ಆರಡಿ ಎತ್ತರದವನು. "ಆ ತೆಂಗಿನ ಮರದ ನಡುವ ಅಂವ ಗಿಡ್ಡನ ಮತ್ತ" ಎಂದು ಸಮರ್ಥಿಸಿಕೊಳ್ಳುತ್ತಿದ್ದರು. ಕೆಲವು ವಾರಗಳಲ್ಲಿ ನಾವೂ ಹಾಗೇ ಕರೆಯತೊಡಗಿದೆವು.

ಆ ದೇಶದ ಲೀಗಿನಲ್ಲಿ ಋತುವಿನ ಮಧ್ಯದಲ್ಲೇ ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದಕ್ಕೆ ಕೊಟ್ಟು ಅಲ್ಲಿಯವನನ್ನು ತರಬಹುದು. ಹೋಗುವವನ ಒಪ್ಪಿಗೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅದಕ್ಕೊಂದು ಕೊನೆಯ ದಿನ, ಫೆಬ್ರವರಿಯಲ್ಲಿ. ಜನವರಿಯಿಡೀ ನಮಗೆ ಅದೇ ಚರ್ಚೆ. ಇಮ್ರಾನನಿಗೆ ಗಿಡ್ಡನನ್ನು ಸಾಗಹಾಕಬೇಕು. ನನಗೆ ಗಿಡ್ಡನೆಂದರೆ ಪ್ರಾಣ. ನಾನು ಲ್ಯಾಪ್‌ಟಾಪಿನಲ್ಲಿ ಆಟಗಾರರ ಅಂಕಿ-ಅಂಶಗಳ ಪಟ್ಟಿಗಳನ್ನೇ ಮಾಡಿಕೊಂಡು ಹೋಗುತ್ತಿದ್ದೆ. ಬಾಯಾರು ಅವುಗಳ ಕಡೆ ಕಣ್ಣು ಹಾಯಿಸುತ್ತಲೂ ಇರಲಿಲ್ಲ.

"ಗಿಡ್ಡ ಹೋಗ್ತಾನ" ಎಂದರು ಒಂದು ಭಾನುವಾರ. "ಹಾರಿ ಕೆಳಗ ಬಂದಾಗ ಎಡಗಾಲಿನ ಮ್ಯಾಲ ಭಾರ ಹಾಕವಲ್ಲ. ದೀಪಾವಳಿಯಿಂದ ನೋಡಾಕತ್ತೀನಿ. ನನಗ ಕಾಣೋದು ಅವರ ಡಾಕ್ಟರಗ ಕಾಣಾಂಗಿಲ್ಲೇನು?"

ಮನೆಗೆ ಹೋಗಿ ಹಳೆಯ ಪಂದ್ಯಗಳನ್ನು ಮತ್ತೆ ಹಾಕಿ ನೋಡಿದೆ. ಪ್ರತಿ ಸಲವೂ ಬಲಗಾಲು ಮೊದಲು, ಎಡಗಾಲು ಅಂಜಿ ಅಂಜಿ ಆಮೇಲೆ. ನನ್ನ ಪಟ್ಟಿಗಳಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ.

ಫೆಬ್ರವರಿಯ ಒಂದು ಶುಕ್ರವಾರ ಬೆಳಗ್ಗೆ ಎದ್ದು ಫೋನ್ ನೋಡಿದರೆ ಗಿಡ್ಡ ಹೋಗಿದ್ದ. ಅವನ ಬದಲು ಇಪ್ಪತ್ತೊಂದರ ಒಬ್ಬ ಎತ್ತರದ ಯುವಕ ಬಂದಿದ್ದ. ಆ ಭಾನುವಾರ ಇಮ್ರಾನ್ ಜಿಲೇಬಿ ತಂದ. ಗಿಡ್ಡನಿಗೆ ವಿಷಯ ತಿಳಿದದ್ದು ತಂಡದ ಬಸ್ಸಿನಲ್ಲಂತೆ, ಪಕ್ಕದವನ ಫೋನಿನಲ್ಲಿ. ಇಮ್ರಾನ್ ಅದನ್ನು ಓದಿ ಹೇಳಿ ನಕ್ಕ. "ಬಸ್ ನಿಲ್ಲಿಸಿ ಇಳಿದ್ನಂತ್ರಿ!"

ಬಾಯಾರು ಟಿ.ವಿ.ಯ ಧ್ವನಿ ಅಡಗಿಸಿದರು. "ನಗಬ್ಯಾಡ ಇಮ್ರಾನ್. ಕಳಸಿದ್ದು ಸರಿ. ಆದ್ರ ಅಂವಗ ಹೇಳಿ ಕಳಸಬೇಕಿತ್ತು."

ನಾನು ಲೋಕಜ್ಞಾನಿಯಂತೆ, "ಈಗ ಎಲ್ಲ ಕಡೆ ಹಾಗೇ ಬಾಯಾರೇ" ಎಂದೆ. ಬಾಯಿಗೆ ಬಂದದ್ದೇ ನನ್ನ ಕಾರ್ಖಾನೆಯ ವಿಷಯ. ಕಂಪನಿ ವಿಶಾಖಪಟ್ಟಣದ ಬಳಿ ಹೊಸ ಘಟಕ ತೆರೆದಿತ್ತು. ನನ್ನ ಕೈಕೆಳಗಿನ ಎಂಟು ಜನರಲ್ಲಿ ಒಬ್ಬರನ್ನು ಅಲ್ಲಿಗೆ ಕಳಿಸಲು ಹೆಸರು ಕೇಳಿದ್ದರು. ನಾನು ಯಾದಗಿರಿ ಎಂಬವನ ಹೆಸರು ಕೊಟ್ಟಿದ್ದೆ.

"ಅಂವಗ ಗೊತ್ತೈತೇನು?"

"ನಾಳೆ ಮೇಲ್ ಬರುತ್ತೆ. ನೀನೇನೂ ಮಾತಾಡಬೇಡ ಅಂತ ಮ್ಯಾನೇಜರೇ ಹೇಳಿದ್ದಾರೆ."

ಬಾಯಾರು ಆಗ ಕೂತರು. ಪಂದ್ಯ ನಡೆಯುತ್ತಿರುವಾಗ ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಮ್ಮ ಟೀಮಿನ್ಯಾಗ ವಿಜಯಾ ಅಂತ ಇದ್ಲು" ಎಂದರು. "ಪುಣೆದಾಗ ಟೂರ್ನಮೆಂಟ್ ಇತ್ತು. ಯಾರನ್ನ ಬಿಡೋಣು ಅಂತ ಕ್ಲಬ್ಬಿನವರು ನನ್ನ ಕೇಳಿದ್ರು. ನಾನ ಹೇಳಿದೆ, ವಿಜಯಾನ್ನ ಬಿಡ್ರಿ ಅಂತ. ಆಟದ ಲೆಕ್ಕದಾಗ ಅದು ತಪ್ಪಲ್ಲ, ಈಗ್ಲೂ ಅದನ್ನ ಹೇಳ್ತೀನಿ. ಆದ್ರ ಆಕಿಗೆ ಹೇಳಾಕ ನನಗ ಬಾಯಿ ಬರಲಿಲ್ಲ. ಯಾರರ ಹೇಳ್ತಾರ ಬಿಡು ಅಂದ್ಕೊಂಡೆ. ಎಲ್ಲಾರೂ ಹಂಗ ಅಂದ್ಕೊಂಡ್ರು. ಆಕಿ ಬ್ಯಾಗ್ ತಗೊಂಡು, ಹೊಸಾ ಶೂ ಹಾಕ್ಕೊಂಡು ಪ್ಲಾಟ್‌ಫಾರ್ಮಿಗೆ ಬಂದ್ಲು. ಲಿಸ್ಟಿನ್ಯಾಗ ಹೆಸರಿಲ್ಲ. ನಾ ಕಿಟಕ್ಯಾಗ ಕುಂತಿದ್ದೆ. ಆಕಿ ನನ್ನ ನೋಡಿದ್ಲು. ಗಾಡಿ ಬಿಟ್ಟಿತು. ನಾ ಇಳೀಲಿಲ್ಲ."

ಇಮ್ರಾನ್ ಕೈಯಲ್ಲಿದ್ದ ಜಿಲೇಬಿಯನ್ನು ತಟ್ಟೆಗೆ ಇಟ್ಟ.

"ಆಮ್ಯಾಲ ಆಕಿ ಚೆಂಡು ಮುಟ್ಟಲಿಲ್ಲ. ನಾ ಬರದ ಕಾಗದಕ್ಕ ಉತ್ತರಾನೂ ಬರಲಿಲ್ಲ." ನನ್ನ ಕಡೆ ತಿರುಗಿದರು. "ಅಂವನ ಮನಿ ಎಲ್ಲೈತಿ?"

"ಮಿಯಾಪುರ."

"ಹಂಗಾರ ಏಳು. ಚಹಾ ಬಂದು ಕುಡಿಯಂತಿ."

ಮೆಟ್ರೊದಲ್ಲಿ ಕೂತು ಮಿಯಾಪುರದವರೆಗೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳ ಹಿಂದಿನ ಕಿರುಗಲ್ಲಿಯಲ್ಲಿ ಯಾದಗಿರಿಯ ಮನೆ. ಅವನ ಹೆಂಡತಿ ಅದೇ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಅವನು ಗಾಬರಿಯಾದ. ನಾನು ಸುತ್ತು ಬಳಸದೆ ಹೇಳಿದೆ. ಆರು ವರ್ಷದಲ್ಲಿ ಒಮ್ಮೆಯೂ ದನಿ ಎತ್ತಿರದ ಮನುಷ್ಯ ಅಂದು ಕೂಗಾಡಿದ. ಮಗಳದು ಹತ್ತನೆಯ ತರಗತಿ, ತಿಂಗಳಲ್ಲಿ ಪರೀಕ್ಷೆ. ಹೆಂಡತಿಯ ಕೆಲಸ ಇಲ್ಲಿ. ಆಮೇಲೆ ದನಿ ತಗ್ಗಿಸಿ ತೆಲುಗಿನಲ್ಲಿ ಕೇಳಿದ: "ನೇನೇ ಎಂದುಕು ಸಾರ್?" ನಾನೇ ಯಾಕೆ?

ಬಾಯಿಗೆ ಹತ್ತು ಕಾರಣಗಳು ಬಂದವು. ಎದುರಿಗೆ ಅವನ ಮುಖ ಇದ್ದುದರಿಂದ ಯಾವುದನ್ನೂ ಹೇಳಲಾಗಲಿಲ್ಲ. ನಿಜವಾದ ಕಾರಣ ನನಗೇ ಹೊಳೆದದ್ದು ಆಗ. "ನೀನು ಜಗಳ ಮಾಡುವವನಲ್ಲ ಅಂತ" ಎಂದೆ. ಅವನ ಹೆಂಡತಿ ನೀರಿನ ಲೋಟ ಹಿಡಿದುಕೊಂಡು ಬಂದವಳು ಅಲ್ಲೇ ನಿಂತಳು. ಅಷ್ಟು ನಾಚಿಕೆಯಿಂದ ನಾನು ಎಲ್ಲಿಯೂ ನೀರು ಕುಡಿದಿಲ್ಲ.

ಸೋಮವಾರ ಬೇಗ ಹೋಗಿ ಮ್ಯಾನೇಜರರ ಕೋಣೆಯ ಮುಂದೆ ನಿಂತೆ. ಹೆಸರು ವಾಪಸು ಪಡೆಯುತ್ತೇನೆ, ಎಂಟೂ ಜನರನ್ನು ಕೂರಿಸಿಕೊಂಡು ಕೇಳಲು ಒಂದು ದಿನ ಕೊಡಿ ಎಂದೆ. ಚೆನ್ನಾಗಿ ಬೈಸಿಕೊಂಡೆ, ಕೇಳಿದ ಆ ಒಂದು ದಿನವೂ ಸಿಕ್ಕಿತು. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೇಳಿದಾಗ ಅಪ್ಪಲರಾಜು ಕೈ ಎತ್ತಿದ. ಅವನ ತಾಯಿಯ ಮನೆ ಆ ಘಟಕದಿಂದ ಒಂದು ಗಂಟೆಯ ದಾರಿ. "ಮೊದಲೇ ಯಾಕೆ ಹೇಳಲಿಲ್ಲ ಮಾರಾಯ?" ಎಂದೆ. "ಮೊದಲು ಯಾರು ಕೇಳಿದರು ಸಾರ್?" ಎಂದ.

ಮುಂದಿನ ಭಾನುವಾರ ಇದನ್ನೆಲ್ಲ ಬಾಯಾರಿಗೆ ಹೇಳಿದೆ. ಹೊಗಳುತ್ತಾರೆಂದು ಒಳಗೊಳಗೇ ಆಸೆ ಇತ್ತು.

"ಯಾದಗಿರಿ ಈಗ ನಿನ್ನ ಕೂಡ ಮಾತಾಡ್ತಾನೇನು?"

"ಕೆಲಸದ ಮಾತು ಅಷ್ಟೇ."

"ಮೊದಲಿನಂಗ ಮಾತಾಡಾಕ ದಿನಾ ಹಿಡೀತೈತಿ" ಎಂದು ಸುಸಲಾ ಬಡಿಸಿದರು. ಅಷ್ಟೇ.

ಯಾದಗಿರಿ ಮೊದಲಿನಂತೆ ಮಾತಾಡಲು ಮುಂದಿನ ದಸರೆ ಬರಬೇಕಾಯಿತು. ಮೇಲ್ವಿಚಾರಕನಾಗಿ ನನಗೆ ಯಾವ ತರಬೇತಿಯೂ ಕಲಿಸದಿದ್ದುದನ್ನು ಬಾಯಾರ ಮನೆಯ ಸೋಫಾ ಕಲಿಸಿತು. ಅಂದಿನಿಂದ ಕೆಟ್ಟ ಸುದ್ದಿ ಹೇಳಬೇಕಾದಾಗಲೆಲ್ಲ ಎದುರಿಗೆ ಕೂತು ಹೇಳುತ್ತೇನೆ. ಹೇಳುವುದು ಈಗಲೂ ಸುಲಭವಲ್ಲ. ಆದರೆ ಎದುರಿನವರ ಮುಖ ನೋಡಿಕೊಂಡು ಹೇಳಲಾಗದ ಕಾರಣಕ್ಕೆ ಸಹಿ ಹಾಕುವುದನ್ನು ಬಿಟ್ಟಿದ್ದೇನೆ. ನಾನು ಇಷ್ಟಾದರೂ ನೆಟ್ಟಗಿದ್ದರೆ ಅದರಲ್ಲಿ ಬಾಯಾರ ಪಾಲು ದೊಡ್ಡದು.

ಅದರ ಮರುವರ್ಷ ಬೇಸಿಗೆಯಲ್ಲಿ ಅವರ ಹೃದಯ ದಣಿಯಿತು. ಆಸ್ಪತ್ರೆಯಿಂದ ಮನೆಗೆ ತಂದು ಅವರ ಅಕ್ಕನ ಮಗಳು ನೋಡಿಕೊಳ್ಳುತ್ತಿದ್ದಳು. ನಾವು ಹೋದ ಕೊನೆಯ ಭಾನುವಾರ ಟಿ.ವಿ.ಯನ್ನು ಮಂಚದ ಎದುರಿಗೆ ಸರಿಸಿದ್ದರು. ಗಿಡ್ಡನ ಬದಲು ಬಂದಿದ್ದ ಆ ಎತ್ತರದ ಯುವಕನನ್ನೂ ಋತು ಮುಗಿದ ಮೇಲೆ ಬೇರೆ ತಂಡಕ್ಕೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿತ್ತು. ಜಿಲೇಬಿ ತಂದು ಅವನನ್ನು ಬರಮಾಡಿಕೊಂಡಿದ್ದ ಇಮ್ರಾನನೇ ಅವನನ್ನು ಕಳಿಸಬೇಕೆಂದು ಹಟ ಹಿಡಿದಿದ್ದ. "ನನ್ನ ಮಾತು ಕೇಳ್ರಿ ಬಾಯಾರ, ಇಂವ ಗೋಡಿ ಇದ್ದಂಗ, ಅಲ್ಲಾಡಂಗಿಲ್ಲ."

"ನಿನಗ ತಡಿಯೂದು ಗೊತ್ತಿಲ್ಲ ಇಮ್ರಾನ್" ಎಂದರು ಬಾಯಾರು. ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದರು. "ಅಂವ ಎಡಕ್ಕ ತಿರಗಾಂಗಿಲ್ಲ. ಎಲ್ಲಾರಿಗೂ ಅದು ಗೊತ್ತಾಗೈತಿ, ಅದಕ್ಕ ಎದುರಿನವರು ಬಲಕ್ಕ ನಿಂತು ತಡೀತಾರ. ಕಲೀತಾನ. ಎರಡು ವರ್ಷ ಬಿಡ್ರಿ."

ಹೊರಡುವಾಗ ನಾನು ಅವರ ಕಾಲು ಮುಟ್ಟಿದೆ. ಹಿಂದೆಂದೂ ಹಾಗೆ ಮಾಡಿರಲಿಲ್ಲ. "ಇದೇನ ಹೊಸಾದು?" ಎಂದು ಗದರಿದರು. ಹತ್ತು ದಿನಗಳ ನಂತರ ಅಕ್ಕನ ಮಗಳ ಫೋನ್ ಬಂತು.

ಆ ಯುವಕನನ್ನು ತಂಡ ಕಳಿಸಲಿಲ್ಲ. ನಾನೂ ಇಮ್ರಾನನೂ ಈಗ ಸಿಗುವುದು ಅಪರೂಪ. ಜಗಳ ಮಾತ್ರ ಫೋನಿನಲ್ಲಿ ನಡೆದೇ ಇದೆ. ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಾನು ಕಾರ್ಖಾನೆಯಲ್ಲಿದ್ದಾಗ ಅವನ ಕರೆ ಮೂರು ಸಲ ಬಂತು. ಒಳಗೆ ಫೋನ್ ಎತ್ತುವಂತಿಲ್ಲ. ಏನೋ ಆಗಿದೆ ಎಂದು ಹೆದರಿ ಹೊರಗಿನ ವರಾಂಡಕ್ಕೆ ಬಂದು ತಿರುಗಿ ಮಾಡಿದೆ. ಅಂಗಡಿಯ ಷಟರ್ ಎತ್ತುವ ಮೊದಲು ಅವನು ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದನಂತೆ.

"ಹುಡುಗ ತಿರುಗಿದನ್ರೀ" ಎಂದ ಇಮ್ರಾನ್. "ಎಡಕ್ಕ ತಿರುಗಿದ."

ಅವನು ಷಟರ್ ಎತ್ತಲಿಲ್ಲ, ನಾನು ಒಳಗೆ ಹೋಗಲಿಲ್ಲ. ಫೋನನ್ನು ಇಬ್ಬರೂ ಇಡಲಿಲ್ಲ.