ಬಿಚ್ಚದೇ ಉಳಿದ ಹೊಂಗೆ ಚೀಲಗಳು

ಮೊನ್ನೆ ಬೀದರಿನ ಗಾಂಧಿಗಂಜ್ ಪೇಟೆಯಲ್ಲಿ ಯಾರೋ ಹೊಂಗೆ ಎಣ್ಣೆಯ ಡಬ್ಬಿ ಚೆಲ್ಲಿಕೊಂಡಿದ್ದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಕಾ ನೆನಪಾದರು...

ಭಾಲ್ಕಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವನ ಜೊತೆ ವಾದಿಸಿ ನನ್ನನ್ನು ಕಾಲೇಜಿಗೆ ಸೇರಿಸಿದವರು ಅವರೇ. ಮುಂದೆ ಊರ ಹೊರಗೆ ಹೊಂಗೆ ಬೀಜದಿಂದ ಬಯೋಡೀಸೆಲ್ ಮಾಡುವ ಘಟಕ ತೆರೆದಾಗ, ಬೀಜ ಕೂಡಿಸುವ ಕೆಲಸ ನನಗೆ ವಹಿಸಿದರು. ಔರಾದ್ ಕಡೆಯ ಡಾಬಕಾ ಹಳ್ಳಿಗೆ ಹೋಗಿ ಅಲ್ಲಿನ ಹೆಣ್ಣುಮಕ್ಕಳನ್ನು ಅದಕ್ಕೆ ಒಪ್ಪಿಸಿದೆ. ಅವರು ಬಿಸಿಲಲ್ಲಿ ಬೀಜ ಆರಿಸಿ, ಹಳೆ ಸೀರೆಯ ಅಂಚು ಹರಿದು ಚೀಲದ ಬಾಯಿ ಕಟ್ಟಿ ಕಳಿಸುತ್ತಿದ್ದರು.

“ಅಕ್ಕಾ, ನಮ್ಮ ಬೀಜದ ಮ್ಯಾಲ ಬಸ್ ಓಡ್ತಾವಂದ್ರ ಖರೇನ್ರಿ?” ಎಂದು ಒಬ್ಬಾಕೆ ಕೇಳಿದ್ದಳು.

ಖರೇ ಅಂದಿದ್ದೆ.

ಎಣ್ಣೆ ಕೊಳ್ಳುತ್ತಿದ್ದ ಕಂಪನಿಯಿಂದ ಒಮ್ಮೆ ಪರೀಕ್ಷೆಗೆಂದು ಒಬ್ಬರು ಮೇಡಂ ಬಂದರು. ನಾನೇ ಹೆಮ್ಮೆಯಿಂದ ಟ್ಯಾಂಕಿನ ನಲ್ಲಿ ತಿರುಗಿಸಿ ಬಾಟಲಿ ತುಂಬಿಕೊಟ್ಟೆ. ಕಾಕಾ ಅವತ್ತು ಚಹಾ ಮುಟ್ಟಲಿಲ್ಲ... ಯಾಕೆಂದು ಆಮೇಲೆ ತಿಳಿಯಿತು.

ಕೆಲವು ವಾರಗಳ ನಂತರ ಮೇಡಂ ಮತ್ತೆ ಬಂದು ನನ್ನನ್ನು ಕೂರಿಸಿಕೊಂಡು ಹೇಳಿದರು. ಗಿಡಮರಗಳು ಗಾಳಿಯಿಂದ ಹೀರಿದ ಇಂಗಾಲದಲ್ಲಿ ಒಂದು ವಿಕಿರಣಶೀಲ ಇಂಗಾಲವೂ ತುಸು ಇದ್ದೇ ಇರುತ್ತದೆ. ಯುಗಯುಗಗಳಿಂದ ನೆಲದಡಿ ಹುದುಗಿದ್ದ ಪೆಟ್ರೋಲಿಯಂನಲ್ಲಿ ಅದು ಪೂರ್ತಿ ನಶಿಸಿಹೋಗಿರುತ್ತದೆ. ನಾನು ತುಂಬಿಕೊಟ್ಟ ಬಾಟಲಿಯಲ್ಲಿ ಅದರ ಸುಳಿವೇ ಇರಲಿಲ್ಲವಂತೆ. ಅದು ಬಂಕಿನ ಡೀಸೆಲ್, ಕಾಕಾ ಅದನ್ನೇ ಹೊಂಗೆಯದೆಂದು ಹೆಚ್ಚಿನ ಬೆಲೆಗೆ ಮಾರುತ್ತಿದ್ದರು.

ಗೋದಾಮಿನ ಹಿಂದಿನ ಕೋಣೆಯ ಬಾಗಿಲು ತಳ್ಳಿದೆ. ಚೀಲಗಳು ಬೂಸಲು ಹಿಡಿದು ಸೂರಿನ ತನಕ ಒಟ್ಟಿಕೊಂಡಿದ್ದವು. ಸೀರೆಯಂಚಿನ ಒಂದು ಗಂಟನ್ನೂ ಯಾರೂ ಬಿಚ್ಚಿರಲಿಲ್ಲ. ಕಾಕಾ ನನ್ನ ಹಿಂದೆಯೇ ಬಂದು ನಿಂತರು.

“ಬ್ಯಾಡಾಗಿದ್ರ ಯಾಕ ತರಸ್ತಿದ್ರಿ ಕಾಕಾ?”

“ಮಶೀನ್ ಕೆಟ್ಟು ಕೂತಿತ್ತವ್ವಾ... ನೋಡ್ಲಿಕ್ಕಿ ಬಂದೋರಿಗಿ ತೋರಸ್ಲಿಕ್ಕಿ ಏನಾರ ಬೇಕಲ್ಲ?”

“ಮತ್ತ ನಾನು? ನಾನೂ ತೋರಸ್ಲಿಕ್ಕೇನಾ?”

ಅವರು ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದರು.

ಘಟಕಕ್ಕೆ ಬೀಗ ಬಿತ್ತು. ಡಾಬಕಾಕ್ಕೆ ನಾನೇ ಹೋಗಿ ಎಲ್ಲರನ್ನೂ ಕೂಡಿಸಿ ನಡೆದದ್ದನ್ನು ಹೇಳಿದೆ. ಯಾರೂ ಬೈಯಲಿಲ್ಲ. ಬಸ್ಸಿನ ಮಾತು ಕೇಳಿದ್ದಾಕೆ ಎದ್ದು, ಸೆರಗು ಝಾಡಿಸಿಕೊಂಡು ಒಳಗೆ ಹೋದಳು... ಬೈದಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಳು ಬರಲಿಲ್ಲ, ನನ್ನ ಕಾಕಾನನ್ನು ನಾನು ಅದಕ್ಕೂ ಎಷ್ಟೋ ಮೊದಲೇ ಕಳೆದುಕೊಂಡಾಗಿತ್ತು. ಈಗಲೂ ಔರಾದ್ ಬಸ್‌ಸ್ಟ್ಯಾಂಡಿನಲ್ಲಿ ಡಾಬಕಾದ ಹೆಣ್ಣುಮಕ್ಕಳು ಸಿಗುತ್ತಾರೆ. ನಗುತ್ತಾರೆ, ಆರಾಮೇನ್ರಿ ಅನ್ನುತ್ತಾರೆ. ಮನೆಗೆ ಬರ್ರಿ ಅಂತ ಮಾತ್ರ ಯಾರೂ ಕರೆಯುವುದಿಲ್ಲ.