ತಂಗಿಯ ಕೈಗೆ ಹೋದ ಮಂಗಳವಾರದ ಸಭೆ

ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದೇ. ವಿದ್ಯಾರ್ಥಿಗಳ ಪ್ರಾರ್ಥನಾ ಕೂಟವನ್ನು ನೋಡಿಕೊಳ್ಳುವ ತಂಡ ಮಂಗಳವಾರ ಸಭೆ ಸೇರುತ್ತಿತ್ತು. ಹನ್ನೊಂದು ವರ್ಷ ಅದನ್ನು ನಡೆಸಿದವಳು ಅವಳೇ. ನಾಲ್ಕಕ್ಕೆಂದರೆ ನಾಲ್ಕೂವರೆಗೆ ಶುರು. ಆಮೇಲೆ ಅವಳ ಬಾಯಿಗೆ ಬ್ರೇಕೇ ಇಲ್ಲ. ಹದಿನಾಲ್ಕು ಜನರ ತಂಡ ಐದು ಜನಕ್ಕಿಳಿದಾಗ ಪರೀಕ್ಷೆಗಳನ್ನು ಬೈದುಕೊಂಡಳು.

ಕೊನೆಗೆ ಕಾಲೇಜಿನ ಪಾಸ್ಟರ್ ಸಭೆಯನ್ನು ಅವಳ ತಂಗಿಗೆ ಒಪ್ಪಿಸಿದರು. ತಂಗಿ ಅಲ್ಲಿಯೇ ಹಾಸ್ಟೆಲ್ ವಾರ್ಡನ್. ಸೇರಿ ಎಂಟು ತಿಂಗಳೂ ಆಗಿರಲಿಲ್ಲ.

"ನಿಮಗೂ ಸ್ವಲ್ಪ ಬಿಡುವು ಸಿಗ್ಲಿ," ಎಂದರು ಪಾಸ್ಟರ್. ದೊಡ್ಡಕ್ಕ ನಕ್ಕಳು. ನಗುತ್ತಲೇ ಕೈಯಲ್ಲಿದ್ದ ಪುಸ್ತಕವನ್ನು ಧಡ್ಡೆಂದು ಮುಚ್ಚಿದಳು.

ತಂಗಿ ಹಿಂದಿನ ದಿನವೇ ಮಾತಾಡಬೇಕಾದ ವಿಷಯಗಳ ಚೀಟಿ ಕಳಿಸುತ್ತಿದ್ದಳು. ಇಬ್ಬರೇ ಬಂದಿದ್ದರೂ ನಾಲ್ಕಕ್ಕೆ ಆರಂಭ. ಮೊದಲು ಒಬ್ಬೊಬ್ಬರ ಯೋಗಕ್ಷೇಮ, ಆಮೇಲೆ ಯಾವ ಕೆಲಸ ಯಾರದು, ಯಾವ ದಿನಕ್ಕೆ ಎಂಬುದು. ಐದಕ್ಕೆ ಮುಕ್ತಾಯದ ಪ್ರಾರ್ಥನೆ. ಮೂರನೆಯ ವಾರ ಹನ್ನೊಂದು ಜನ ಬಂದರು. ಒಂದು ದಿನವಾದರೂ ತಡವಾಗಲಿ ಎಂದು ದೊಡ್ಡಕ್ಕ ಮೂಲೆಯಲ್ಲಿ ಕೂತು ಗಡಿಯಾರವನ್ನೇ ನೋಡಿದಳು. ಆಗಲಿಲ್ಲ. ಮನೆಯಲ್ಲಿ ಅಮ್ಮ, "ಚಿಕ್ಕೋಳು ಚೆನ್ನಾಗಿ ನಡೆಸ್ತಾಳಂತಲ್ಲೇ," ಎಂದಾಗ ಅರ್ಧ ಊಟದಲ್ಲೇ ತಟ್ಟೆ ಸರಿಸಿ ಎದ್ದಳು.

ನಾಲ್ಕನೆಯ ಮಂಗಳವಾರ ತಂಗಿ ಸಭೆ ನಡೆಯುವ ಓದುವ ಕೋಣೆಯ ಬೀಗದಕೈ ಕೇಳಲು ಗ್ರಂಥಾಲಯಕ್ಕೆ ಬಂದಳು.

"ರೂಮು ಇವತ್ತು ಬೇರೆಯವರಿಗೆ ಕೊಟ್ಟಿದ್ದೀನಿ ಕಣೆ," ಎಂದಳು ದೊಡ್ಡಕ್ಕ. ಅದು ಹಸಿ ಸುಳ್ಳು.

"ಸರಿ ಬಿಡಕ್ಕ, ಹೊರಗೆ ಮೆಟ್ಟಿಲ ಮೇಲೆ ಕೂತ್ಕೋತೀವಿ."

ದೊಡ್ಡಕ್ಕ ಮೆಟ್ಟಿಲ ಕಡೆಯ ಕಿಟಕಿಯ ಹತ್ತಿರ ಸುಮ್ಮನೆ ಪುಸ್ತಕ ಜೋಡಿಸುತ್ತ ಕಿವಿ ನಿಮಿರಿಸಿದಳು. ಎರಡು ವರ್ಷದಿಂದ ತುಟಿಪಿಟಕ್ಕೆನ್ನದ ಹುಡುಗಿಯೊಬ್ಬಳು ಮಾತಾಡುತ್ತಿದ್ದಳು. "ಅಮ್ಮನಿಗೆ ಕಣ್ಣು ಕಾಣ್ತಿಲ್ಲ. ನನಗೆ ಪರೀಕ್ಷೆ. ಆಸ್ಪತ್ರೆಗೆ ಕರ್ಕೊಂಡು ಹೋಗೋರಿಲ್ಲ."

ದೊಡ್ಡಕ್ಕ ದಡದಡನೆ ಇಳಿದು ಬಂದಳು. "ನನ್ನ ಹತ್ರ ಯಾಕೆ ಒಂದು ದಿನಾನೂ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಬರ್ತಿದ್ದೆ ದೊಡ್ಡಕ್ಕ. ನಿಮ್ಮ ಮಾತು ಮುಗಿಯೋಷ್ಟರಲ್ಲಿ ನನ್ನ ಬಸ್ಸು ಹೊರಡೋ ಹೊತ್ತಾಗ್ತಿತ್ತು."

ಯಾರೋ ಕಿಸಕ್ಕೆಂದರು. ತಂಗಿ ಕಣ್ಣಲ್ಲೇ ಗದರಿದಳು. ಅವಳು ತನ್ನ ಪರ ನಿಂತದ್ದು ಆ ನಗುವಿಗಿಂತ ಹೆಚ್ಚು ದೊಡ್ಡಕ್ಕನನ್ನು ಉರಿಸಿತು.

"ಶುಕ್ರವಾರ ನನಗೆ ರಜೆ. ನಾನು ಕರ್ಕೊಂಡು ಹೋಗ್ತೀನಿ," ಎಂದಳು ದೊಡ್ಡಕ್ಕ.

ಸಂಜೆ ತಂಗಿಯ ಜೊತೆ ಮನೆಗೆ ನಡೆಯುವಾಗ ದೊಡ್ಡಕ್ಕನೇ ಬಾಯಿಬಿಟ್ಟಳು. "ರೂಮು ಖಾಲಿ ಇತ್ತು ಕಣೆ."

"ಗೊತ್ತು. ಬಾಗಿಲ ಗಾಜಿನಲ್ಲಿ ನೋಡ್ದೆ."

"ಮತ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ಬೇಕಾಗ್ತಿತ್ತು."

ಮೂರು ಶುಕ್ರವಾರ ಆಸ್ಪತ್ರೆಗೆ ಓಡಾಡಿದ್ದಾಯಿತು; ಆ ತಾಯಿಗೆ ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯೂ ಆಯಿತು. ಅದನ್ನು ದೊಡ್ಡಕ್ಕ ಸಭೆಯಲ್ಲಿ ನಾಲ್ಕೇ ನಿಮಿಷದಲ್ಲಿ ಹೇಳಿ ಮುಗಿಸಿದಳು. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು.

"ಚೆನ್ನಾಗಿ ಹೇಳ್ದೆ ಅಕ್ಕ," ಎಂದಳು ತಂಗಿ, ಟೀಚರು ಮಗುವಿಗೆ ಹೇಳುವ ಹಾಗೆ.

ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಇನ್ನೊಂದು ಕಣ್ಣಿಗಾಗಿ ಮುಂದಿನ ವಾರ ಆಸ್ಪತ್ರೆಗೆ ಯಾರು ಹೋಗುತ್ತೀರಿ ಎಂದು ತಂಗಿ ಕೇಳಿದಾಗ ಮೊದಲು ಮೇಲೆದ್ದದ್ದು ದೊಡ್ಡಕ್ಕನ ಕೈಯೇ.